ತೊಟ್ಟಿಲಿಗೆ ಹಾಕಿದ ಕಲ್ಲು

ಬಯಲಿನಲ್ಲಿ ಟೆಂಟ್ ಹಾಕಿ ಮಲಗುವ ಹುಚ್ಚು ನನಗೆ ಹತ್ತಿದ್ದು ಪರ್ತ್‌ನಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ ವೆಲ್ಡಿಂಗ್ ಕಲಿತು, ಮೈಸೂರಿನ ಕಾರ್ಖಾನೆಯೊಂದರಲ್ಲಿ ದುಡಿದು, ನಲವತ್ತು ದಾಟಿದ ಮೇಲೆ ಪರ್ತ್‌ನ ವೆಲ್ಷ್‌ಪೂಲ್‌ನ ಒಂದು ಶೆಡ್ಡಿಗೆ ಬಂದವನು ನಾನು. ಶುಕ್ರವಾರ ಮಧ್ಯಾಹ್ನವಾದರೆ ಅಲ್ಲಿನ ಕೆಲಸಗಾರರು ಗಾಡಿಗೆ ನೀರಿನ ಡ್ರಮ್ಮು, ಹಾಸಿಗೆ ಹೇರಿಕೊಂಡು ಒಳನಾಡಿಗೆ ಹೊರಟುಬಿಡುತ್ತಿದ್ದರು. ಒಂದು ಸಲ ನನ್ನನ್ನೂ ಕರೆದರು. ಅವರು ಹೋಗುತ್ತಿದ್ದದ್ದು ನಂಬರು ಹಾಕಿದ, ನಲ್ಲಿ, ಕಕ್ಕಸು ಇರುವ ಕ್ಯಾಂಪಿಗಲ್ಲ. ಅನುಮತಿ ಇರುವ ಕಡೆ ಮಣ್ಣುರಸ್ತೆ ಬಿಟ್ಟು ಪಕ್ಕಕ್ಕಿಳಿದು, ಯಾರೂ ಇಲ್ಲದ ಜಾಗ ನೋಡಿ ಟೆಂಟ್ ಹೊಡೆಯುವುದು. ಅದಕ್ಕೆ ಇದ್ದದ್ದು ಒಂದೇ ಕಟ್ಟಳೆ. ನಾವು ಬರುವ ಮುಂಚೆ ಜಾಗ ಹೇಗಿತ್ತೋ ಹೋಗುವಾಗಲೂ ಹಾಗೇ ಇರಬೇಕು. ಬೂದಿಯನ್ನೂ ಬಿಡಬಾರದು, ಕಡ್ಡಿಯನ್ನೂ ತೆಗೆದುಕೊಂಡು ಹೋಗಬಾರದು.

ಆಮೇಲೆ ಕೆಲಸ ಅಡಿಲೇಡಿಗೆ ಬದಲಾಯಿತು. ಸ್ಯಾಲಿಸ್‌ಬರಿಯಲ್ಲಿ ಮನೆ ಮಾಡಿದೆವು. ಅಲ್ಲಿಂದ ಉತ್ತರಕ್ಕೆ ಅರ್ಧ ದಿನ ಗಾಡಿ ಓಡಿಸಿದರೆ ಫ್ಲಿಂಡರ್ಸ್ ಬೆಟ್ಟಸಾಲು. ಕೆಂಪು ಬಂಡೆಯ ಕಮರಿಗಳು, ಒಣಗಿದ ಹಳ್ಳಗಳು, ಹಳ್ಳದೊಳಗೇ ಬೆಳೆದು ನಿಂತ ದಪ್ಪ ನೀಲಗಿರಿ ಮರಗಳು. ನನ್ನ ಹೆಂಡತಿಗೆ ಮೊದಲು ಇದೆಲ್ಲ ಹಿಡಿಸುತ್ತಿರಲಿಲ್ಲ. "ಮನೇಲಿ ಮಂಚ ಇಟ್ಕೊಂಡು ಮಣ್ಣಲ್ಲಿ ಮಲಗೋಕೆ ಇಷ್ಟು ದೂರ ಬರಬೇಕಾ ರೀ?" ಎನ್ನುತ್ತಿದ್ದಳು. ಆದರೂ ಬರುತ್ತಿದ್ದಳು. ನನಗಿಂತ ಮೊದಲು ಎದ್ದು ಮರದ ಬುಡದಲ್ಲಿ ಕೂತು ಬಂಡೆಗಳ ಮೇಲೆ ಬಿಸಿಲು ಇಳಿಯುವುದನ್ನು ನೋಡುತ್ತಿದ್ದಳು.

೨೦೧೩ರ ಸುಮಾರಿಗೆ ಅವಳ ತಾಯಿ ಮೈಸೂರಿನಲ್ಲಿ ತೀರಿಕೊಂಡರು. ಆಗಷ್ಟೇ ಮಂಡಿ ಆಪರೇಷನ್ ಆಗಿದ್ದರಿಂದ ಇವಳಿಗೆ ಹೋಗಲಾಗಲಿಲ್ಲ. ತಿಥಿಗೆ ನಾನೊಬ್ಬನೇ ಹೊರಟೆ. ಬಾಗಿಲ ತನಕ ವಾಕರ್ ಹಿಡಿದುಕೊಂಡು ಬಂದು ಅವಳು ಒಂದೇ ಮಾತು ಹೇಳಿದಳು.

"ಅಮ್ಮನ ಒಡವೆ, ಸೀರೆ ಏನೂ ಬೇಡ. ಶುಂಠಿ ಅರೆಯೋ ಕಲ್ಲಿನ ಗುಂಡು ಇದೆಯಲ್ಲ, ಅದೊಂದು ತಂದುಬಿಡಿ."

ಆ ಗುಂಡುಕಲ್ಲು ನನಗೆ ಗೊತ್ತಿತ್ತು. ಅಂಗೈಗಿಂತ ಸ್ವಲ್ಪ ದೊಡ್ಡದು, ಮೊಟ್ಟೆಯ ಆಕಾರ. ಬಾಣಂತಿಯರ ಔಷಧಿ ಅರೆಯುತ್ತಿದ್ದದ್ದು ಅದರಲ್ಲೇ. ನಮ್ಮ ಕಡೆ ಬರೀ ತೊಟ್ಟಿಲು ತೂಗುವುದಿಲ್ಲ. ಕೂಸನ್ನು ಮಲಗಿಸುವ ಮುಂಚೆ ಗುಂಡುಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಕುಲಾವಿ ಹಾಕಿ, ಅದನ್ನು ಗುಂಡಪ್ಪ ಅಂತ ಕರೆದು ಮಲಗಿಸಿ ತೂಗುತ್ತಾರೆ. ಕೂಸೂ ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಅಂತ. ನನ್ನ ಹೆಂಡತಿಯನ್ನು ತೊಟ್ಟಿಲಿಗೆ ಹಾಕಿದಾಗಲೂ, ನಮ್ಮ ಮಗಳನ್ನು ಹಾಕಿದಾಗಲೂ ಮೊದಲು ಮಲಗಿದ್ದು ಅದೇ ಕಲ್ಲು. ಮಗಳು ಬ್ರಿಸ್ಬೇನಿನ ಫಾರೆಸ್ಟ್ ಲೇಕ್‌ನಲ್ಲಿ ಚೊಚ್ಚಲ ಬಸುರಿಯಾಗಿದ್ದಳು.

ಕಲ್ಲನ್ನು ಹಳೆ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಇಟ್ಟೆ. ಹೊರಡುವ ಹಿಂದಿನ ದಿನ ದೇವರಾಜ ಮಾರ್ಕೆಟ್ಟಿನ ಹತ್ತಿರ ಒಂದು ಅಂಗಡಿಯಲ್ಲಿ ಹಿತ್ತಾಳೆಯ ಪಂಪ್ ಸ್ಟೌವ್ ಕಣ್ಣಿಗೆ ಬಿತ್ತು. ಚಿಕ್ಕಂದಿನಲ್ಲಿ ನಮ್ಮಮ್ಮ ಹಚ್ಚುತ್ತಿದ್ದಂಥದ್ದು. ಕಮರಿಯ ದಂಡೆಯಲ್ಲಿ ಇದನ್ನು ಭರ್ರ್ ಅಂತ ಉರಿಸಿದರೆ ಜೊತೆಯವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ ಎಂದುಕೊಂಡು ಕೊಂಡುಬಿಟ್ಟೆ.

ಬೆಂಗಳೂರು ಏರ್‌ಪೋರ್ಟಿನ ಕೌಂಟರಿನಲ್ಲಿ ಹುಡುಗಿ ಪೆಟ್ಟಿಗೆ ತೂಗಿ, "ಅಂಕಲ್, ಎರಡು ಕೆಜಿ ಜಾಸ್ತಿ ಇದೆ. ಏನಾದ್ರೂ ತೆಗೀರಿ," ಎಂದಳು. ಪಕ್ಕಕ್ಕೆ ಹೋಗಿ ಪೆಟ್ಟಿಗೆ ಬಿಚ್ಚಿದೆ. ಸ್ಟೌವ್ ತೆಗೆಯಬಹುದಿತ್ತು, ಉಪ್ಪಿನಕಾಯಿ ತೆಗೆಯಬಹುದಿತ್ತು. ನಾನು ತೆಗೆದದ್ದು ಕಲ್ಲನ್ನು. ಅಡಿಲೇಡಿನಲ್ಲಿ ಇಳಿದರೆ ಕಸ್ಟಮ್ಸಿನವರು ಹೇಗೂ ಬಿಡುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಕೇಳಿ ನೋಡೋಣ ಎಂದು ಕೂಡ ನನಗೆ ಅನ್ನಿಸಲಿಲ್ಲ. ಕಂಬದ ಪಕ್ಕ ಒಂದು ದೊಡ್ಡ ಹೂವಿನ ಕುಂಡವಿತ್ತು. ಕಲ್ಲನ್ನು ಪಂಚೆಯ ಸಮೇತ ಅದರ ಹಿಂದೆ ಇಟ್ಟು ಬಂದೆ.

ಮನೆಗೆ ಬಂದಾಗ ಅವಳು ಪೆಟ್ಟಿಗೆಯ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಕಲ್ಲು ವಿಮಾನದಲ್ಲಿ ಬೇಡ ಅಂದ್ರು ಕಣೆ. ಪರ್ತ್ ಸ್ನೇಹಿತರೊಬ್ಬರು ಹಡಗಲ್ಲಿ ಮನೆ ಸಾಮಾನು ತರಿಸ್ತಾ ಇದ್ದಾರೆ. ಅದರ ಜೊತೆ ಹಾಕಿ ಬಂದಿದ್ದೀನಿ."

"ಜೋಪಾನವಾಗಿ ಬರುತ್ತಾ?"

"ಬರದೆ ಏನು? ಕಲ್ಲಲ್ವಾ, ಒಡೆಯುತ್ತಾ?"

ಅವಳು ನಕ್ಕಳು. ಆಮೇಲೆ ವಾರಕ್ಕೊಮ್ಮೆ ಕೇಳುತ್ತಿದ್ದಳು. ಹಡಗು ಇನ್ನೂ ಬಂದಿಲ್ಲ ಎನ್ನುತ್ತಿದ್ದೆ. ಬಂದು ವೆಲ್ಷ್‌ಪೂಲ್‌ನ ಗೋದಾಮಿನಲ್ಲಿ ಕೂತಿದೆ ಎನ್ನುತ್ತಿದ್ದೆ. ಮಗಳಿಗೆ ಏಳು ತಿಂಗಳು ತುಂಬಿತು. ಇವಳ ಮಂಡಿ ಸರಿಹೋಯಿತು. ಮನಸ್ಸಿಗೆ ಒಂದಿಷ್ಟು ಬದಲಾವಣೆ ಆಗಲಿ ಅಂತ ಬೆಟ್ಟಸಾಲಿಗೆ ಕರೆದುಕೊಂಡು ಹೋದೆ.

ಒಣಹಳ್ಳದ ದಂಡೆಯಲ್ಲಿ, ಬಿದ್ದ ಮರವೊಂದರ ಪಕ್ಕ ಟೆಂಟ್ ಹಾಕಿದೆವು. ಸ್ವಲ್ಪ ದೂರದಲ್ಲಿ ಹಿಂದಿನ ಕಾಲದ ಕುರಿ ಸಾಕಣೆಯವರ ಪಾಳುಮನೆ ಇತ್ತು. ಸೂರಿಲ್ಲ, ನಾಲ್ಕು ಗೋಡೆ ಮತ್ತು ಒಂದು ಹೊಗೆಗೂಡು ಮಾತ್ರ. ಅದರ ಆಚೆ ಕಮರಿಯ ಬಾಯಿ, ಅಲ್ಲಿಂದ ಕಾಲುದಾರಿ. ದಾರಿಯ ಮೊದಲಿಗೇ ಒಂದು ಬೋರ್ಡ್. ಇದು ಈ ನೆಲದ ಮೂಲನಿವಾಸಿಗಳ ಜಾಗ, ಇಲ್ಲಿಂದ ಏನನ್ನೂ ತೆಗೆಯಬೇಡಿ ಎಂದು ಬರೆದಿತ್ತು. ನಾನು ನಿಂತು ಓದಿದೆ. ಓದಲಿಲ್ಲ ಎಂದು ಈಗ ಹೇಳಲಾರೆ.

ಅವಳು ಸ್ಟೌವ್ ಹಚ್ಚಿ ಚಿತ್ರಾನ್ನಕ್ಕೆ ಅನ್ನಕ್ಕಿಟ್ಟಿದ್ದಳು. ನಾನು ಕಮರಿಯೊಳಗೆ ನಡೆದು, ದಾರಿ ಬಿಟ್ಟು ಮೇಲಕ್ಕೆ ಹತ್ತಿ, ಚಾಚಿಕೊಂಡ ಬಂಡೆಯೊಂದರ ನೆರಳಿಗೆ ಹೋದೆ. ಒಳಗೋಡೆಯಲ್ಲಿ ಕೆಮ್ಮಣ್ಣಿನ ಗೆರೆಗಳು. ಕೆಳಗೆ ಒಂದು ಚಪ್ಪಟೆ ಕಲ್ಲು. ಅದರ ನಡುವೆ ಅರೆದು ಅರೆದು ತಗ್ಗಾದ ಬಟ್ಟಲು. ತಗ್ಗಿನಲ್ಲಿ ಒಂದು ಗುಂಡುಕಲ್ಲು.

ಅದೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೀಜ ಅರೆದು ಎದ್ದುಹೋದ ಯಾವಳೋ ಮತ್ತೆ ಬಂದು ಅರೆಯುವುದಕ್ಕೆಂದು ಇಟ್ಟ ಹಾಗಿತ್ತು. ಅಂಗೈಗಿಂತ ಸ್ವಲ್ಪ ದೊಡ್ಡದು, ಮೊಟ್ಟೆಯ ಆಕಾರ. ಕೈಗೆತ್ತಿಕೊಂಡೆ. ಕೆಳಗಿನ ಕಲ್ಲು ಎತ್ತಲಾಗದಷ್ಟು ಭಾರವಿತ್ತು, ಅದು ಅಲ್ಲೇ ಉಳಿಯಿತು. ಗುಂಡುಕಲ್ಲು ನನ್ನ ಚೀಲಕ್ಕೆ, ಆಮೇಲೆ ಗಾಡಿಯ ಸ್ಟೆಪ್ನಿಯ ಅಡಿಗೆ ಹೋಯಿತು. ಆ ರಾತ್ರಿ ಚಿತ್ರಾನ್ನ ಚೆನ್ನಾಗಿತ್ತು ಎಂದು ಎರಡು ಸಲ ಬಡಿಸಿಕೊಂಡೆ.

ಎರಡು ವಾರ ಬಿಟ್ಟು "ಪರ್ತ್‌ನಿಂದ ಪಾರ್ಸಲ್ ಬಂತು" ಎಂದು ಅವಳ ಕೈಗೆ ಕೊಟ್ಟೆ. ಎದೆಗವಚಿಕೊಂಡಳು. ಮೂಸಿ ನೋಡಿದಳು.

"ಅಮ್ಮನ ಕಲ್ಲು ಇಷ್ಟು ಕೆಂಪಗಿತ್ತಾ ರೀ?"

"ಹಡಗಿನ ಉಪ್ಪುಗಾಳಿ. ಅದೂ ಅಲ್ದೆ ನೀನು ನೋಡಿ ಎಷ್ಟು ವರ್ಷ ಆಯ್ತು?"

ಅವಳು ಅದನ್ನು ತೊಳೆದು, ಒರೆಸಿ, ದೇವರ ಮುಂದೆ ಇಟ್ಟಳು. ಬ್ರಿಸ್ಬೇನಿನಲ್ಲಿ ಮೊಮ್ಮಗ ಹುಟ್ಟಿದಾಗ ಅದೇ ಕಲ್ಲಿಗೆ ಕುಲಾವಿ ಹಾಕಿ, ಬಾಡಿಗೆಗೆ ತಂದ ತೊಟ್ಟಿಲಲ್ಲಿ ಮಲಗಿಸಿ ತೂಗಿದಳು. "ಇದು ನಮ್ಮಮ್ಮನ ಕಲ್ಲು," ಎಂದು ಬಂದ ಹೆಂಗಸರಿಗೆಲ್ಲ ಹೇಳಿದಳು. ನಾನು ಫೋಟೋ ತೆಗೆಯುತ್ತಿದ್ದೆ.

ನಾಲ್ಕು ವರ್ಷ ಕಳೆದವು. ಅವಳಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ವಾಂತಿ ತಡೆಯಲು ಶುಂಠಿ ಬೇಕಾಗುತ್ತಿತ್ತು. ಮಿಕ್ಸಿ ಬೇಡ ಎಂದು ಸಣ್ಣ ಹಲಗೆಕಲ್ಲಿನ ಮೇಲೆ ಅದೇ ಗುಂಡಿನಿಂದ ತಾನೇ ಅರೆಯುತ್ತಿದ್ದಳು. ಒಂದು ಬೆಳಿಗ್ಗೆ ಅರೆಯುವುದನ್ನು ನಿಲ್ಲಿಸಿ, ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡಳು.

"ಇದು ಅಮ್ಮನ ಕಲ್ಲಲ್ಲ."

ಕಲ್ಲನ್ನು ನನ್ನ ಅಂಗೈಗೆ ಇಟ್ಟು ಸವೆದ ಮಗ್ಗುಲನ್ನು ತೋರಿಸಿದಳು.

"ಅಮ್ಮ ಎಡಚಿ. ಅವಳ ಕಲ್ಲು ಒಂದು ಮಗ್ಗುಲಿಗೆ ಸವೆದಿತ್ತು. ಇದು ಇನ್ನೊಂದು ಮಗ್ಗುಲಿಗೆ ಸವೆದಿದೆ. ಇದು ಯಾರೋ ಬಲಗೈಯವಳದ್ದು. ಯಾರದ್ದು ರೀ?"

ಆಗ ಎಲ್ಲವನ್ನೂ ಹೇಳಿಬಿಡಬಹುದಿತ್ತು. ಅರ್ಧ ಹೇಳಿದೆ. ಕಮರಿಯ ಬಂಡೆಯಡಿಯಿಂದ ತಂದದ್ದು ಎಂದು ಒಪ್ಪಿಕೊಂಡೆ. ಅವಳ ತಾಯಿಯ ಕಲ್ಲು ಮಾತ್ರ ಹಡಗಿನವರ ಕೈಯಲ್ಲಿ ಕಳೆದುಹೋಯಿತು, ನಿನಗೆ ದುಃಖವಾಗುತ್ತದೆ ಎಂದು ಇದನ್ನು ತಂದೆ ಎಂದೆ. ಮಾಡಿದ ತಪ್ಪನ್ನೂ ಪ್ರೀತಿಯ ಹಾಗೆ ಕಾಣಿಸಿಬಿಟ್ಟೆ. ಅವಳು ನನ್ನ ಕೈ ಹಿಡಿದುಕೊಂಡು, "ಕಳೆದುಹೋದ್ರೆ ನೀವೇನು ಮಾಡ್ತೀರಿ, ಪಾಪ," ಎಂದಳು. ಆ 'ಪಾಪ' ಇವತ್ತಿಗೂ ನನ್ನ ಕಿವಿಯಲ್ಲಿದೆ.

ಆಮೇಲೆ ಹೇಳಿದಳು: "ಮಗಳಿಗೆ ಹೇಳೋದು ಬೇಡ, ನಿಮ್ಮ ಬಗ್ಗೆ ಏನಂದ್ಕೊತಾಳೋ. ಆದ್ರೆ ಇದನ್ನ ಎಲ್ಲಿತ್ತೋ ಅಲ್ಲೇ ಇಟ್ಟು ಬರೋಣ. ನಮ್ಮಮ್ಮನ ಕಲ್ಲನ್ನ ಯಾರಾದ್ರೂ ಹೀಗೆ ಎತ್ಕೊಂಡು ಹೋಗಿದ್ರೆ?"

ಚಳಿಗಾಲ ಮುಗಿಯುವ ಹೊತ್ತಿಗೆ, ಎರಡು ಚಿಕಿತ್ಸೆಗಳ ನಡುವೆ, ಮತ್ತೆ ಅಲ್ಲಿಗೆ ಹೋದೆವು. ನಂಬರಿಲ್ಲದ ಜಾಗವನ್ನು ಹುಡುಕುವುದು ಎಷ್ಟು ಕಷ್ಟ ಎಂದು ಗೊತ್ತಾದದ್ದು ಆಗ. ನಡುವೆ ಯಾವಾಗಲೋ ಹಳ್ಳ ತುಂಬಿ ಹರಿದು, ನಾನು ಗುರುತಿಟ್ಟುಕೊಂಡಿದ್ದ ಬಿದ್ದ ಮರ ಕೊಚ್ಚಿಹೋಗಿತ್ತು. ಪಾಳುಮನೆ ಸಿಕ್ಕಿತು. ಅವಳಿಗೆ ಅಲ್ಲಿಂದ ಮುಂದೆ ನಡೆಯಲು ಆಗಲಿಲ್ಲ. ಗೋಡೆಯ ನೆರಳಿನಲ್ಲಿ ಮಡಚುವ ಕುರ್ಚಿ ಹಾಕಿ, ಶಾಲು ಹೊದಿಸಿ, ನೀರು ಇಟ್ಟು ಹೊರಟೆ.

"ಇಡೋವಾಗ ಕೈ ಮುಗೀರಿ. ನನ್ನ ಪರವಾಗೂ," ಎಂದಳು.

ಕಮರಿಯೊಳಗೆ ಚಾಚಿಕೊಂಡ ಬಂಡೆಗಳು ಒಂದಲ್ಲ, ಹತ್ತಾರು ಇದ್ದವು. ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಕೆಮ್ಮಣ್ಣಿನ ಗೆರೆ ಎಲ್ಲೂ ಕಾಣಲಿಲ್ಲ. ಬೆನ್ನಿನ ಚೀಲದಲ್ಲಿ ಕಲ್ಲು ಹೆಜ್ಜೆಹೆಜ್ಜೆಗೂ ಸೊಂಟಕ್ಕೆ ಬಡಿಯುತ್ತಿತ್ತು. ಹಳ್ಳದ ತುಂಬ ಕಲ್ಲುಗಳೇ, ಇದನ್ನೂ ಅವುಗಳ ನಡುವೆ ಹಾಕಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎನ್ನಿಸಿತು. ಹೊರಕ್ಕೂ ತೆಗೆದೆ. ಹೂವಿನ ಕುಂಡದ ಹಿಂದೆ ಪಂಚೆ ಸುತ್ತಿ ಇಟ್ಟದ್ದು ನೆನಪಾಯಿತು. ಅದನ್ನೇ ಇನ್ನೊಂದು ಸಲ ಮಾಡಲು ಕೈ ಬರಲಿಲ್ಲ. ಅವಳೊಬ್ಬಳೇ ಕೂತಿದ್ದಾಳೆ ಎಂಬ ಭಯ ಬೇರೆ. ಕಲ್ಲನ್ನು ಚೀಲಕ್ಕೆ ಹಾಕಿಕೊಂಡು ವಾಪಸ್ಸಾದೆ.

ಗೋಡೆಯ ನೆರಳು ಸರಿದು ಅವಳ ಮುಖದ ಮೇಲೆ ಬಿಸಿಲು ಬಿದ್ದಿತ್ತು. ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು ಕೇಳಿದಳು:

"ಇಟ್ಟ್ರಾ?"

"ಇಟ್ಟೆ."

"ಕೈ ಮುಗಿದ್ರಾ?"

"ಮುಗಿದೆ."

ಇಲ್ಲ ಎಂದಿದ್ದರೆ ನಾಳೆ ಮತ್ತೆ ಹುಡುಕಿ ಎನ್ನುತ್ತಿದ್ದಳು. ಅವಳಿಗೆ ಅಷ್ಟು ಶಕ್ತಿ ಉಳಿದಿರಲಿಲ್ಲ, ಅದಕ್ಕೇ ಹಾಗೆ ಹೇಳಿದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ನನಗೂ ಸುಸ್ತಾಗಿತ್ತು ಎಂಬುದು ಅದಕ್ಕಿಂತ ನಿಜ. ಅವತ್ತು ಅವಳು ಎಷ್ಟೋ ದಿನಗಳ ಮೇಲೆ ಎರಡು ತುತ್ತು ಹೆಚ್ಚಿಗೆ ಉಂಡಳು. ದಾರಿಯುದ್ದಕ್ಕೂ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು. ಕಲ್ಲು ಹಿಂದಿನ ಸೀಟಿನ ಕೆಳಗಿತ್ತು. ಮೂರು ತಿಂಗಳಿಗೆ ಹೋಗಿಬಿಟ್ಟಳು.

ಮರುವರ್ಷ ಮಗಳಿಗೆ ಎರಡನೆಯ ಮಗು ಹುಟ್ಟಿತು, ಹೆಣ್ಣು. ಮಗಳು ಫೋನ್ ಮಾಡಿದಳು.

"ಅಪ್ಪ, ಬರೋವಾಗ ಅಜ್ಜಿ ಕಲ್ಲು ಮರೀಬೇಡ. ಅಮ್ಮ ಇಲ್ಲ, ಅದಾದ್ರೂ ಇರಲಿ."

ಹಿಂದಿನಿಂದ ಮೊಮ್ಮಗ ಕೂಗುತ್ತಿದ್ದ, "ತಾತಾ, ಬ್ರಿಂಗ್ ಗುಂಡಪ್ಪ!"

ಕಲ್ಲು ನನ್ನ ಹತ್ತಿರವೇ ಇತ್ತು. ತೆಗೆದುಕೊಂಡು ಹೋಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಪೂರ್ತಿ ಅದನ್ನು ಅಡಿಗೆಮನೆಯ ಮೇಜಿನ ಮೇಲಿಟ್ಟುಕೊಂಡು ಕೂತಿದ್ದೆ. ಇದನ್ನು ಇನ್ನೊಂದು ಕೂಸಿನ ತೊಟ್ಟಿಲಿಗೆ ಹಾಕಿದರೆ, ಹೆಂಡತಿ ಸಾಯುವ ಮುಂಚೆ ಕೇಳಿದ ಒಂದೇ ಒಂದನ್ನು ನಾನೇ ಎರಡನೆಯ ಸಲ ಇಲ್ಲ ಎಂದ ಹಾಗೆ. ಸಾಯಂಕಾಲ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ಟೌವ್, ಕುಂಡ, ಬೋರ್ಡ್, ಬಂಡೆ, ಪಾಳುಮನೆ. ಯಾವುದನ್ನೂ ಬಿಡಲಿಲ್ಲ.

ಎಲ್ಲ ಕೇಳಿಸಿಕೊಂಡ ಮೇಲೆ ಅವಳು ಕೇಳಿದ್ದು ಒಂದನ್ನೇ.

"ಅಮ್ಮ ಕೇಳಿದಾಗ 'ಇಟ್ಟೆ' ಅಂದ್ಯಾ?"

"ಅಂದೆ."

"ಬೇರೆ ಎಲ್ಲ ಬಿಡು ಅಪ್ಪ. ಅದನ್ನ ಹೇಗಂದೆ?"

ಅಷ್ಟು ಕೇಳಿ ಫೋನ್ ಇಟ್ಟಳು. ಎರಡು ದಿನದ ಮೇಲೆ ಮೆಸೇಜ್ ಬಂತು. "ನೀನು ಬಾ. ಕಲ್ಲು ತರಬೇಡ."

ತೊಟ್ಟಿಲಿನ ದಿನ ಮನೆ ತುಂಬ ಜನ. ವಯಸ್ಸಾದ ಒಬ್ಬರು, "ಗುಂಡಪ್ಪ ಎಲ್ಲಮ್ಮಾ? ಬರೀ ತೊಟ್ಟಿಲು ತೂಗಬಾರದು," ಎಂದರು. ಮಗಳು ನನ್ನ ಕಡೆ ನೋಡದೆ, "ಕಳೆದುಹೋಯ್ತು ಆಂಟಿ," ಎಂದಳು. ಥೇಟ್ ಅವಳಮ್ಮನ ಹಾಗೆ ನನ್ನ ಮಾನ ಉಳಿಸುವುದಕ್ಕೆ.

"ಕಳೆದುಹೋಗಲಿಲ್ಲ," ಎಂದೆ. "ನಾನು ಬಿಟ್ಟು ಬಂದೆ."

ಅದೇ ಹೆಂಗಸು ಅಡಿಗೆಮನೆಗೆ ಹೋಗಿ ಒಂದು ತೆಂಗಿನಕಾಯಿ ತಂದು ಅರಿಸಿನ ಹಚ್ಚಿದರು. ಮೊಮ್ಮಗಳಿಗಿಂತ ಮುಂಚೆ ತೊಟ್ಟಿಲಲ್ಲಿ ಮಲಗಿದ್ದು ಅಂಗಡಿಯ ತೆಂಗಿನಕಾಯಿ.

ಅಡಿಲೇಡಿಗೆ ಬಂದವನು ಉತ್ತರಕ್ಕೆ ಗಾಡಿ ಓಡಿಸಿದೆ. ಬೆಟ್ಟಸಾಲಿನ ಹತ್ತಿರದ ಊರಿನಲ್ಲಿ ಆ ನೆಲದ ಮೂಲನಿವಾಸಿಗಳದೇ ಒಂದು ಕಚೇರಿ ಇದೆ. ನನ್ನ ವಯಸ್ಸಿನ ಹೆಂಗಸೊಬ್ಬರು ಕಲ್ಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಬೈಯಲಿಲ್ಲ. ಯಾವ ಬಂಡೆಯ ಕೆಳಗಿತ್ತು ಎಂದಷ್ಟೇ ಕೇಳಿದರು. ಗೋಡೆಯ ನಕಾಶೆಯ ಮುಂದೆ ನಿಂತು ಕಮರಿಯ ಮೇಲೆ ಬೆರಳಿಟ್ಟೆ. ಅದಕ್ಕಿಂತ ಮುಂದೆ ಬೆರಳು ಹೋಗಲಿಲ್ಲ. ಗೊತ್ತಿಲ್ಲ ಎಂದೆ. ಹಾಗಾದರೆ ಇದನ್ನು ಅದರ ಜಾಗದಲ್ಲಿ ಇಡಲು ಕಷ್ಟ, ಆದರೂ ಹುಡುಕುತ್ತೇವೆ ಎಂದು ಹೇಳಿ, ಒಂದು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದರು. ಅವರು ಅದನ್ನು ಒಳಗೆ ತೆಗೆದುಕೊಂಡು ಹೋಗುವ ಮುಂಚೆ ನಾನು ಕೈ ಮುಗಿದೆ. ಒಂದು ಸಲ ನನಗಾಗಿ, ಒಂದು ಸಲ ಅವಳ ಪರವಾಗಿ.

ಮಗಳು ಈಗ ಭಾನುವಾರ ಫೋನ್ ಮಾಡುತ್ತಾಳೆ. ಊಟ ಆಯಿತಾ, ಮಾತ್ರೆ ತಗೊಂಡೆಯಾ ಎಂದು ಕೇಳುತ್ತಾಳೆ. ಕಲ್ಲಿನ ಮಾತು ಎತ್ತುವುದಿಲ್ಲ. ಟೆಂಟನ್ನು ಯಾರಿಗೋ ಕೊಟ್ಟೆ. ಸ್ಟೌವ್ ಗ್ಯಾರೇಜಿನಲ್ಲಿದೆ. ಹಚ್ಚಿದರೆ ಈಗಲೂ ಚೆನ್ನಾಗಿ ಉರಿಯುತ್ತದೆ.