ಮೆಟ್ರೊ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಇಂದಿರಾನಗರದ ಮನೆಗಳಲ್ಲಿ ಅಡುಗೆ ಮಾಡುವ ಪೀರಮ್ಮನಿಗೆ, ಊರಿನಿಂದ ಬಂದವರಿಗೆ ಕಡಿಮೆ ಖರ್ಚಿನಲ್ಲಿ ಬೆಂಗಳೂರು ತೋರಿಸಲು ಗೊತ್ತಿದ್ದ ದಾರಿ ಮೆಟ್ರೊ. ಯಾದಗಿರಿಯಿಂದ ಬಂದ ತಂಗಿ ಲಕ್ಷ್ಮಿದೇವಿ ಇಂದಿರಾನಗರ ನಿಲ್ದಾಣದಲ್ಲಿ ರೈಲಿನ ಹೊಳೆಯುವ ನೆಲ ನೋಡಿ, ಗುಡಿಗೆ ಹೋಗುವವಳಂತೆ ಚಪ್ಪಲಿ ಹೊರಗೆ ಬಿಟ್ಟು ಹತ್ತಿದಳು.

“ಹುಚ್ಚಿ, ಚಪ್ಪಲಿ ಯಾಕ ಬಿಟ್ಟಿ?” ಎಂದಳು ಪೀರಮ್ಮ. ತರಲೆಂದು ತಂಗಿ ಇಳಿದಳು. ಬಾಗಿಲು ಮುಚ್ಚಿತು.

ತಂಗಿಗೆ ಓದು ಬಾರದು, ಫೋನಿಲ್ಲ, ಅಕ್ಕನ ವಿಳಾಸವೂ ಗೊತ್ತಿಲ್ಲ. ಮುಂದಿನ ರೈಲು ಹತ್ತಿಬಿಟ್ಟರೆ ಎಲ್ಲಿ ಹುಡುಕುವುದು? ಪೀರಮ್ಮ ಮುಂದಿನ ನಿಲ್ದಾಣವಾದ ಹಲಸೂರಿನಲ್ಲಿ ಇಳಿದು, ಎದುರಿನ ರೈಲು ಹಿಡಿದು ಹಿಂತಿರುಗಿದಳು.

ಲಕ್ಷ್ಮಿದೇವಿ ಚಪ್ಪಲಿ ಹಿಡಿದು ಅಲ್ಲೇ ನಿಂತಿದ್ದಳು. “ಚಪ್ಪಲಿ ಬಿಟ್ರ ಬೈತಿ, ತರಾಕ ಹೋದ್ರ ನನ್ನೇ ಬಿಟ್ಟು ಹೋಗ್ತಿ,” ಎಂದಳು.

ಈಗ ಪೀರಮ್ಮ ಊರಿನವರಿಗೆ ಹಲಸೂರು ಕೆರೆಯನ್ನಷ್ಟೇ ತೋರಿಸುತ್ತಾಳೆ. ಅಲ್ಲಿಗೂ ಕೈ ಹಿಡಿದೇ ನಡೆಸಿಕೊಂಡು ಹೋಗುತ್ತಾಳೆ.