ಬಾಗಿಲ ಬಳಿ ನಿಂತಿದ್ದ ಶರಣಪ್ಪ

ಹೋದ ವರ್ಷ, ಬೇಸಿಗೆ ರಜೆ ಮುಗಿದು ಕಾಲೇಜು ಮತ್ತೆ ಶುರುವಾದ ವಾರ. ನಾನು ಮತ್ತಿಕೆರೆಯ ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತೆ. ಮನೆ ಚಿಕ್ಕಬಾಣಾವರದಲ್ಲಿ. ದಿನವೂ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ ಅಲ್ಲಿಂದ ನಡೆಯುತ್ತೇನೆ.

ಅದೇ ಬೋಗಿಗೆ ಶರಣಪ್ಪ ಎನ್ನುವವರು ಹತ್ತುತ್ತಿದ್ದರು. ಕೊಪ್ಪಳದ ಕಡೆಯವರು. ರಾತ್ರಿಯೆಲ್ಲ ನಮ್ಮ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್, ಹಗಲು ಯಶವಂತಪುರದ ಗೋದಾಮಿನಲ್ಲಿ ಮೂಟೆ ಇಳಿಸುವ ಕೆಲಸ. ಸಂಜೆ ಸ್ವಲ್ಪ ಹೊತ್ತು ಬಿಟ್ಟರೆ ಅವರು ಮಲಗುತ್ತಿದ್ದುದು ರೈಲಿನಲ್ಲೇ. ಕೂತ ಕೂಡಲೇ ಗೊರಕೆ. ಯಶವಂತಪುರ ಬಂದಾಗ ನಾನೋ ಕಾಲೇಜು ಹುಡುಗರೋ ಎಬ್ಬಿಸುತ್ತಿದ್ದೆವು.

ಆ ದಿನ ನಾನು ಸರಿದು ಜಾಗ ಮಾಡಿದೆ. "ಬನ್ನಿ ಶರಣಪ್ಪ, ಕೂತ್ಕೊಳ್ಳಿ. ನಾನು ಎಬ್ಬಿಸ್ತೀನಿ."

"ಬ್ಯಾಡ್ರಿ ಅಕ್ಕಾರ. ಕುಂತ್ರ ನಿದ್ದಿ ಹತ್ತತೈತಿ. ರಜಾದಾಗ ನೀವ್ಯಾರೂ ಇದ್ದಿಲ್ಲ, ಎರಡ ಸಲ ಯಶವಂತಪುರ ದಾಟಿ ಮೆಜೆಸ್ಟಿಕ್ಕಿಗೆ ಹೋಗಿಬಿಟ್ಟೆ. ಇನ್ನೊಮ್ಮೆ ತಡಾ ಆದ್ರ ಕೆಲಸಕ್ಕ ಬರಬ್ಯಾಡ ಅಂದಾರ."

ಎದುರಿಗಿದ್ದ ಹುಡುಗನೊಬ್ಬ ನಕ್ಕ. "ಏನಣ್ಣ, ಇವತ್ತು ಯಶವಂತಪುರನೋ ಮೆಜೆಸ್ಟಿಕ್ಕೋ?"

"ಇವತ್ತ ಕಣ್ಣ ಮುಚ್ಚೂದಿಲ್ಲ ತಮ್ಮಾ," ಎಂದು ಶರಣಪ್ಪ ತಾವೂ ನಕ್ಕರು. ಗಾಳಿ ಬಡಿದರೆ ಎಚ್ಚರವಿರುತ್ತದೆ ಎಂದು ಬಾಗಿಲ ಬಳಿ ಹೋಗಿ ಕಂಬಿ ಹಿಡಿದು ನಿಂತರು.

ಯಶವಂತಪುರ ಇನ್ನೇನು ಬಂತು ಎನ್ನುವಾಗ ರೈಲು ನಿಧಾನವಾಯಿತು. ನಾನು ಅವರನ್ನೇ ನೋಡುತ್ತಿದ್ದೆ. ಕಣ್ಣು ಮುಚ್ಚಿತ್ತು. ಯಾರೂ ತಳ್ಳಲಿಲ್ಲ, ಕಾಲು ಜಾರಲಿಲ್ಲ. ಕಂಬಿ ಹಿಡಿದಿದ್ದ ಬೆರಳುಗಳು ಮಲಗಿದ ಮಗುವಿನ ಬೆರಳಿನಂತೆ ಮೆಲ್ಲಗೆ ಬಿಚ್ಚಿಕೊಂಡವು. ನಾನು "ಶರಣಪ್ಪ" ಎನ್ನುವಷ್ಟರಲ್ಲಿ ಬಾಗಿಲು ಖಾಲಿಯಾಗಿತ್ತು.

ಯಾರೋ ಚೈನು ಎಳೆದರು. ಕೆಳಗೆ ಬಿದ್ದಿದ್ದ ಶರಣಪ್ಪನವರಿಗೆ ಜೀವವಿತ್ತು. ರೈಲ್ವೆ ಪೊಲೀಸರು ನನ್ನನ್ನು ಕೇಳಿದರು, "ಕುಡಿದಿದ್ನೇನಮ್ಮಾ?"

"ಇಲ್ಲ ಸಾರ್. ನಿದ್ದೆ."

ಅವರು ನನ್ನ ಮುಖ ನೋಡಿ, ಮತ್ತೆ ಅದನ್ನೇ ಕೇಳಿದರು. ನಾನೂ ಅದನ್ನೇ ಹೇಳಿದೆ.

ಜೊತೆಗೆ ಹೋಗುವವರು ಬೇರಾರೂ ಇಲ್ಲದ್ದರಿಂದ ಆಂಬುಲೆನ್ಸಿನಲ್ಲಿ ನಾನೇ ಹೋದೆ. ಅವರ ಫೋನಿನಿಂದ ಹೆಂಡತಿ ನಿಂಗಮ್ಮನಿಗೆ ತಿಳಿಸಿದೆ. ಅವಳು ನಮ್ಮ ಬಡಾವಣೆಯಲ್ಲೇ ಮಾಡುತ್ತಿದ್ದ ಮನೆಗೆಲಸ ಅರ್ಧಕ್ಕೇ ಬಿಟ್ಟು, ಒದ್ದೆ ಸೆರಗಿನಲ್ಲೇ ಓಡಿ ಬಂದಳು. ಅವಳನ್ನು ಒಳಗೆ ಬಿಡುವಷ್ಟರಲ್ಲಿ ಆಪರೇಷನ್ ಆಗಿತ್ತು. ಬಲಗಾಲನ್ನು ಮಂಡಿಯ ಕೆಳಗೆ ತೆಗೆದಿದ್ದರು. ಹೊದಿಕೆ ಅಲ್ಲಿ ಚಪ್ಪಟೆಯಾಗಿತ್ತು.

"ಅವ್ರನ್ನ ಮಾತಾಡ್ಸಿ ಅಮ್ಮಾ, ಎಚ್ಚರ ಆಗ್ಲಿ," ಎಂದರು ನರ್ಸ್.

ನಿಂಗಮ್ಮ ಗಂಡನ ಕೆನ್ನೆ ಮುಟ್ಟಿದವಳು ಕೈ ಹಿಂದಕ್ಕೆ ತೆಗೆದುಕೊಂಡಳು. "ಮಲಗ್ಲಿ ಬಿಡ್ರಿ ಸಿಸ್ಟರ್. ಇಷ್ಟ ಹೊತ್ತ ಮಲಗಿದ್ದು ನಾ ನೋಡೇ ಇಲ್ಲ. ಎದ್ದಮ್ಯಾಲ ಏನಂತ ಹೇಳ್ಲಿ?"

ನರ್ಸ್ ಪಕ್ಕದ ಹಾಸಿಗೆಗೆ ಹೋದರು.

ಈಗಲೂ ನನ್ನದು ಅದೇ ರೈಲು. ಬಾಗಿಲಲ್ಲಿ ಯಾರಾದರೂ ತೂಕಡಿಸಿದರೆ ಎದ್ದು ಹೋಗಿ, ತೋಳು ಹಿಡಿದು ಒಳಗೆ ಕರೆಯುತ್ತೇನೆ. ಕೆಲವರು ಸಿಡುಕುತ್ತಾರೆ. ಸಿಡುಕಲಿ. ನಿದ್ದೆಯನ್ನು ಹಟದಿಂದ ತಡೆಯಬಹುದು ಎಂದು ಯಾರು ಹೇಳಿದರೂ ನಾನಿನ್ನು ನಂಬಲಾರೆ.

ಶರಣಪ್ಪ ಊರಿಗೆ ಮರಳಿದ್ದಾರೆ. ಯುಗಾದಿಗೆ ಫೋನು ಮಾಡಿ, ಹೇಗಿದ್ದಾರೆ ಎಂದು ಕೇಳಿದೆ. ಫೋನು ಎತ್ತಿದ್ದು ನಿಂಗಮ್ಮ.

"ಈಗ ಹಗಲೂ ರಾತ್ರಿ ಹಾಸಿಗ್ಯಾಗ ಅದಾರ್ರಿ ಅಕ್ಕಾರ. ನಿದ್ದಿ ಮಾತ್ರ ಬರವಲ್ದು."