ಅಟ್ಟ ಹತ್ತಿದ ಡಚ್ ಸಿಪಾಯಿ

ಮೊನ್ನೆ ಕೊರಿಯರಿನವನು ತಿಪಟೂರಿನ ನಮ್ಮ ಮನೆಗೆ ಒಂದು ಪುಟ್ಟ ಪೊಟ್ಟಣ ತಂದುಕೊಟ್ಟ. ಬಿಚ್ಚಿದರೆ ಅಸಲಿ ಎಂದು ಪರೀಕ್ಷಿಸಿ ಮೊಹರು ಮಾಡಿದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ನಾನು ಬಹಳ ದಿನದಿಂದ ಆಸೆಪಟ್ಟಿದ್ದ ಹಳೆಯ ಡಚ್ ಚಿನ್ನದ ನಾಣ್ಯ. ನಾನು ಮಾಡಿದ ಮೊದಲ ಕೆಲಸವೆಂದರೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ್ದು. ನಗಬೇಡಿ. ನಮ್ಮ ಸೀಮೆಯವರ ಕೈಗೆ ದುಂಡಗಿನದು ಏನು ಸಿಕ್ಕರೂ ಮೊದಲು ಹೋಗುವುದು ಕಿವಿಗೇ. ಹಸಿ ತೆಂಗಿನಕಾಯಿಯಲ್ಲಿ ನೀರು ಗುಳುಗುಡುತ್ತದೆ. ಅಟ್ಟದ ಮೇಲೆ ಒಂದು ವರ್ಷ ಒಣಗಿದ ಕಾಯಿಯಲ್ಲಿ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನುತ್ತದೆ. ಈ ಡಬ್ಬಿ ಮಾತ್ರ ಸದ್ದೇ ಮಾಡಲಿಲ್ಲ. ಹೊನ್ನವಳ್ಳಿಯ ಶಿವಲಿಂಗ ಮಾವ ನೆನಪಾದ.

ಶಿವಲಿಂಗ ಮಾವ ನನ್ನ ತಾಯಿಯ ತಮ್ಮ. ತೋಟ ಮತ್ತು ಕೊಬ್ಬರಿ ಬಿಟ್ಟರೆ ಅವನಿಗೆ ಬೇರೆ ಲೋಕವಿರಲಿಲ್ಲ. ಹಾಲೆಂಡಿನದು ಅಂತ ಅವನಿಗೆ ಗೊತ್ತಿದ್ದದ್ದು ಡೇರಿಗೆ ಹಾಲು ಹಾಕುವ ಕಪ್ಪುಬಿಳುಪು ಹಸು ಒಂದೇ. ಅಂಥವನು ಕೆಲವು ವರ್ಷಗಳ ಹಿಂದೆ ಮೊಬೈಲಿನಲ್ಲಿ ಯಾವುದೋ ವೀಡಿಯೊ ನೋಡಿ ಡಚ್ ನಾಣ್ಯದ ಹುಚ್ಚು ಹತ್ತಿಸಿಕೊಂಡ. ಹಿಂದೆ ಮೆಣಸು ಕೊಳ್ಳಲು ಕೊಚ್ಚಿ ಕಡೆಗೆ ಹಡಗಿನಲ್ಲಿ ಬಂದವರು ತಂದ ಚಿನ್ನವಂತೆ. ಬೆಂಗಳೂರಿನ ಒಬ್ಬ ವ್ಯಾಪಾರಿಯ ಹತ್ತಿರ ಒಂದನ್ನು ಕೊಂಡೂಬಿಟ್ಟ.

"ಒಡವೆ ಮಾಡ್ಸುದ್ರೆ ಕೂಲಿ, ವೇಸ್ಟೇಜು ಅಂತ ಅರ್ಧ ಅಂಗಡಿಯೋನ್ ಪಾಲು. ಇದಾದ್ರೆ ಚಿನ್ನದ್ ರೇಟೂ ಏರ್ತದೆ, ಹಳೇದು ಅನ್ನೋ ರೇಟೂ ಏರ್ತದೆ. ಒಂದೇ ಗಿಡದಲ್ಲಿ ಎರಡು ಬೆಳೆ ಕಣ್ಲಾ!" ಎಂದು ನನ್ನ ಬೆನ್ನು ತಟ್ಟಿದ. ನನಗೂ ಆ ಕಾಯಿಲೆ ಅಂಟಿದ್ದು ಆ ಹೊತ್ತಿಗೇ.

ನಾಣ್ಯದ ಒಂದು ಮುಖದಲ್ಲಿ ಕತ್ತಿ ಹಿಡಿದು ನಿಂತ ಸಿಪಾಯಿ, ಇನ್ನೊಂದು ಕೈಯಲ್ಲಿ ಬಾಣಗಳ ಕಟ್ಟು. ಮಾವನ ಹೆಂಡತಿ ಗಂಗತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಕಣ್ಣಿಗೂ ಒತ್ತಿಕೊಂಡಳು.

"ನಮ್ ವೀರಭದ್ರಸ್ವಾಮಿ ಇದ್ದಂಗೇ ಅವ್ನೆ ಕಣ್ರೀ. ಒಂದ್ ಕೊಂಡಿ ಹಾಕುಸ್ಕೊಡಿ, ಕತ್ತಿಗ್ ಹಾಕ್ಕತೀನಿ."

ಮಾವ ಬೆಚ್ಚಿಬಿದ್ದು ಕಿತ್ತುಕೊಂಡ. "ಕೊಂಡಿ ಹಾಕುಸುದ್ರೆ ಹಳೇದು ಅನ್ನೋ ರೇಟೇ ಸತ್ತೋಯ್ತದೆ ಕಣೇ! ಉಜ್ಜಂಗೂ ಇಲ್ಲ, ಬೆಳ್ಳಲ್ಲಿ ಮುಟ್ಟಂಗೂ ಇಲ್ಲ."

ಮಗಳ ಮದುವೆಯಲ್ಲಿ ತನ್ನ ಸರವನ್ನು ಅವಳಿಗೆ ಹಾಕಿ ಕಳಿಸಿದ ಮೇಲೆ ಅತ್ತೆಯ ಕತ್ತಿನಲ್ಲಿ ಉಳಿದಿದ್ದು ಕರಿಮಣಿ ಮಾತ್ರ. ಅವಳು ಒಲೆಯ ಕಡೆ ಹೋದಳು.

ಇನ್ನು ನಾಣ್ಯವನ್ನು ಇಡುವುದೆಲ್ಲಿ? ಬ್ಯಾಂಕಿನ ಲಾಕರ್ ಹಿಡಿದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂಬುದು ಮಾವನ ವಾದ. ಅಳಿಲು ತೂತು ಕೊರೆದು ತಿಂದು ಬಿಟ್ಟಿದ್ದ ಒಂದು ಬುರುಡೆ ಕಾಯಿ ಹುಡುಕಿದ. ನಾಣ್ಯಕ್ಕೆ ಹತ್ತಿ ಸುತ್ತಿ, ಪುಟ್ಟ ಡಬ್ಬಿಗೆ ಹಾಕಿ, ಆ ಕಾಯಿಯೊಳಗೆ ತುರುಕಿ, ತೂತಿಗೆ ನಾರು ಗಿಡಿದ. ಆಗಷ್ಟೇ ಅಟ್ಟಕ್ಕೆ ಏರಿಸಿದ್ದ ಹೊಸ ಕಾಯಿಗಳ ರಾಶಿಯಲ್ಲಿ ಅದನ್ನು ಸೇರಿಸಿ ಕೆಳಗಿಳಿದ.

"ಗುರುತು ಹೆಂಗೆ ಮಾವ?" ಎಂದೆ.

"ಉಳುದ್ ಕಾಯಲ್ಲೆಲ್ಲಾ ನೀರು. ಇದೊಂದೇ ಗಡಗಡ ಅನ್ನೋದು. ಕಣ್ಮುಚ್ಕಂಡ್ ಹುಡುಕ್ಬೋದು ಕಣ್ಲಾ."

ನಾನು ಭೇಷ್ ಎಂದೆ. ಕಾಯಿಯನ್ನು ಅಟ್ಟಕ್ಕೆ ಹಾಕುವುದೇ ಅದು ಒಣಗಿ ಗಡಗಡ ಅನ್ನಲಿ ಎಂದು. ಹುಟ್ಟಿದಾಗಿನಿಂದ ಆ ಸದ್ದಿನ ಕೆಳಗೇ ಮಲಗಿ ಎದ್ದ ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ಅದು ಹೊಳೆಯಬೇಡವೆ? ಹೊಳೆಯಲಿಲ್ಲ. ಕೊಬ್ಬರಿಯನ್ನೂ ಹೂಡಿಕೆಯನ್ನೂ ನಡುವೆ ಮುಟ್ಟಿ ನೋಡಬಾರದು ಎಂದು ಮಾವ ಆ ಕಡೆ ತಲೆ ಹಾಕಲೂ ಇಲ್ಲ.

ಮರುವರ್ಷ ಬೆಂಗಳೂರಿನ ವ್ಯಾಪಾರಿ ಫೋನ್ ಮಾಡಿ, ಒಳ್ಳೆಯ ಗಿರಾಕಿ ಸಿಕ್ಕಿದ್ದಾರೆ, ನಾಣ್ಯ ತನ್ನಿ ಎಂದ. ಮಾವ ಅಟ್ಟ ಹತ್ತಿ ಒಂದು ಕಾಯಿ ಅಲ್ಲಾಡಿಸಿದ. ಗಡಗಡ. ಪಕ್ಕದ್ದೂ ಗಡಗಡ. ಅಟ್ಟಕ್ಕೆ ಅಟ್ಟವೇ ಗಡಗಡ. ಇಳಿದು ಬಂದವನ ಮುಖದಲ್ಲಿ ರಕ್ತವಿರಲಿಲ್ಲ.

ಬೇರೆ ದಾರಿಯಿಲ್ಲದೆ ಅಷ್ಟೂ ಕಾಯಿಗಳನ್ನು ಅಂಗಳಕ್ಕೆ ಇಳಿಸಿದೆವು. ಸುಲಿಯುವ ಆಳುಗಳಿಗೆ ವಿಷಯ ಹೇಳುವಂತಿಲ್ಲ. ಸುಲಿಯುವ ಮುಂಚೆ ಒಂದೊಂದನ್ನೂ ತಿರುಗಿಸಿ, ತಡವಿ, ಅಲ್ಲಾಡಿಸಿ ಕೊಡುತ್ತಿದ್ದ ಮಾವನನ್ನು ನೋಡಿ ಅವರು ಮುಸಿಮುಸಿ ನಕ್ಕರು. ರಜಾ ಹಾಕಿ ಬಂದಿದ್ದ ನಾನೂ ಎದುರಿಗೆ ಕೂತು ಅದನ್ನೇ ಮಾಡುತ್ತಿದ್ದೆ. ದಿನಗಟ್ಟಲೆ ಇದೇ ಕೆಲಸ. ಕೊನೆಯ ಕಾಯಿಯೂ ಒಡೆಯಿತು. ಅದರಲ್ಲೂ ಇದ್ದದ್ದು ಕೊಬ್ಬರಿ.

ಮಾವ ಸುಲಿದ ಮಟ್ಟೆಯ ರಾಶಿಯ ಮೇಲೆ ಕುಸಿದು ಕೂತ. "ಹೋಯ್ತು ಕಣಪ್ಪ." ಅವನ ಕಣ್ಣಲ್ಲಿ ನೀರಿತ್ತು.

ಆಗ ಅತ್ತೆ ಮಜ್ಜಿಗೆ ತಂದಳು. ಲೋಟ ಕೊಡಲು ಬಗ್ಗಿದಾಗ ಕರಿಮಣಿಯ ನಡುವಿನಿಂದ ಏನೋ ಜಾರಿ ಮಾವನ ಮೂಗಿನ ಮುಂದೆ ತೂಗಾಡಿತು. ಕತ್ತಿ ಹಿಡಿದ ಡಚ್ ಸಿಪಾಯಿ! ತಲೆಯ ಮೇಲೆ ಕೊಂಡಿ, ಮೈಯೆಲ್ಲ ಥಳಥಳ.

"ಇದ್ ಎಲ್ಲಿತ್ತೇ?"

"ಕಾಯಿ ಅಟ್ಟಕ್ಕಾಕಿದ್ ತಿಂಗ್ಳೇ ಚಟ್ನಿಗೆ ಒಂದ್ ತೆಗೆಯಾನಾ ಅಂತ ಹತ್ತಿದ್ದೆ. ಹಸೀ ಕಾಯಿ ರಾಶೀಲಿ ಒಂದ್ ಮಾತ್ರ ಗಡಗಡ ಅಂತು. ಒಡುದ್ರೆ ಸ್ವಾಮಿ! ಅಂಟುವಾಳಕಾಯಲ್ಲಿ ಉಜ್ಜಿ ಕೊಂಡಿ ಹಾಕುಸ್ದೆ. ದೀಪಾವಳಿಯಿಂದ ಕತ್ತಲ್ಲೇ ಐತೆ. ಇವತ್ ನೋಡ್ತಾರೆ, ನಾಳೆ ನೋಡ್ತಾರೆ ಅಂತ ಕಾದೆ. ಅಷ್ಟ್ ಕಾಯಿ ನೋಡುದ್ರಿ, ನನ್ ಕಡೆ ನೋಡುದ್ರೇನ್ರೀ?"

ನಾನು ಮಜ್ಜಿಗೆ ಲೋಟದೊಳಗೆ ಮುಖ ಇಟ್ಟುಕೊಂಡೆ. ಆ ದೀಪಾವಳಿಗೆ ಅವಳ ಕೈಯ ಒಬ್ಬಟ್ಟು ತಿಂದು ಹೊಗಳಿದವನು ನಾನೂ ಹೌದು.

ಅಷ್ಟರಲ್ಲಿ ಮಾವನ ಫೋನು ಬಡಿದುಕೊಂಡಿತು. "ಸರ್, ಪೀಸು ತೊಳ್ದಿಲ್ಲ ತಾನೇ? ಕೊಂಡಿ ಗಿಂಡಿ ಏನೂ ಹಾಕ್ಸಿಲ್ಲ ತಾನೇ?" ವ್ಯಾಪಾರಿಯ ದನಿ ನನಗೂ ಕೇಳಿಸಿತು. ಮಾವ ಅತ್ತೆಯ ಕತ್ತನ್ನೇ ನೋಡುತ್ತಿದ್ದ. ಅಷ್ಟು ಹೊತ್ತು ಅವನು ಅವಳನ್ನು ನೋಡಿದ್ದನ್ನು ನಾನು ಕಂಡಿರಲಿಲ್ಲ.

"ತೊಳ್ದೂ ಆಗೈತೆ, ಕೊಂಡೀನೂ ಬಿದ್ದೈತೆ. ನಮ್ಮನೆಯವ್ಳಿಗೆ ಚೆನ್ನಾಗ್ ಒಪ್ಪೈತೆ ಕಣ್ರೀ. ಮಾರಲ್ಲ, ಬುಡಿ."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಸಿಪಾಯಿ ಈಗಲೂ ಅವಳ ಕತ್ತಿನಲ್ಲೇ ಕಾವಲಿದ್ದಾನೆ.

ಇಷ್ಟೆಲ್ಲ ನೆನೆಸಿಕೊಂಡು ಡಬ್ಬಿ ಹಿಡಿದು ಒಬ್ಬನೇ ನಗುತ್ತಿದ್ದಾಗ ನನ್ನ ಹೆಂಡತಿ ಒಳಗಿನಿಂದ ಬಂದಳು. ಡಬ್ಬಿಯನ್ನು ತೆಗೆದುಕೊಂಡು ಅವಳೂ ಕಿವಿಯ ಹತ್ತಿರ ಅಲ್ಲಾಡಿಸಿದಳು, ಅವಳದೂ ತೆಂಗಿನ ಸೀಮೆಯೇ, ತುರುವೇಕೆರೆ. ಆಮೇಲೆ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ನಾನು ನಾಣ್ಯವನ್ನು ಬಿಟ್ಟು ಅವಳನ್ನು ನೋಡಿದೆ.

"ಈ ಡಬ್ಬಿ ಒಡುದ್ರೆ ರೇಟು ಬಿದ್ದೋಗುತ್ತೇನ್ರೀ?" ಎಂದಳು.

"ಬಿದ್ದೋಗುತ್ತೆ. ಒಂದ್ನಾಲ್ಕು ಅಂಟುವಾಳಕಾಯಿ ನೆನೆಹಾಕು" ಎಂದೆ.